ಮನೆಯವರ ಫೋನಿನಲ್ಲಿ ಕದ್ದು ನೋಡುವ ಆಪ್: ಹಾಕುವ ಮೊದಲು ತಿಳಿಯಬೇಕಾದ ಸಂಗತಿಗಳು



ನೇಗಿಲು, ಗುದ್ದಲಿಗಳಂತೆ ಫೋನು ಕೂಡ ಈಗ ನಮ್ಮ ಗ್ರಾಮಗಳಲ್ಲಿ ದಿನಬಳಕೆಯ ವಸ್ತುವಾಗಿದೆ. ರಾಮನಗರದ ಗೂಡು ಮಾರುಕಟ್ಟೆಯ ಧಾರಣೆ ಅದರಲ್ಲಿ ತಿಳಿಯುತ್ತದೆ. ಕನಕಪುರದ ಕಡೆಯ ಹಾಲಿನ ಹಣ ಖಾತೆಗೆ ಬಿದ್ದ ಸುದ್ದಿ ಅದರಲ್ಲಿ ಬರುತ್ತದೆ. ಚನ್ನಪಟ್ಟಣದ ಗೊಂಬೆ ತಯಾರಕರಿಗೆ ಬೇಡಿಕೆ ಅದರ ಮೂಲಕ ಬರುತ್ತದೆ. ಮಾಗಡಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಓದುವ ಮಕ್ಕಳ ಪಾಠವೂ ಅದರಲ್ಲೇ ಇರುತ್ತದೆ.

ಇದರ ಹಿಂದೆಯೇ ಒಂದು ಚಿಂತೆಯೂ ಮನೆಗಳಿಗೆ ಬಂದಿದೆ. ಮಗಳು ರಾತ್ರಿ ಹೊತ್ತು ಯಾರೊಡನೆ ಬರೆದುಕೊಳ್ಳುತ್ತಾಳೆ, ಮಗ ಯಾವ ಗುಂಪಿಗೆ ಸೇರಿದ್ದಾನೆ, ಹೆಂಡತಿಗೆ ಬಂದ ಸಂದೇಶ ಯಾರದು ಎಂದು ಕೆಲವರು ಕಳವಳಪಡುತ್ತಾರೆ. ಬೆಳೆ ನೋಡಲು ಹೋದಾಗ, ರೋಗದ ಮಾತು ಮುಗಿದ ಮೇಲೆ, ಮೆಲ್ಲನೆ ಈ ಪ್ರಶ್ನೆ ಕೇಳುವವರಿದ್ದಾರೆ: “ಅವರಿಗೆ ಗೊತ್ತಾಗದ ಹಾಗೆ ವಾಟ್ಸಪ್ ಓದೋ ಆಪ್ ಇದೆಯಂತಲ್ಲ, ಅದನ್ನು ಹಾಕಿಕೊಡುತ್ತೀರಾ?” ಈ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆದಿದೆ. ಓದು ಬಲ್ಲವರು ಇದನ್ನು ಮನೆಯಲ್ಲಿ ಉಳಿದವರಿಗೂ ಓದಿ ಹೇಳಬೇಕು.

ಇಂತಹ ಆಪ್ ಹೇಗೆ ಕೆಲಸ ಮಾಡುತ್ತದೆ?

ವಾಟ್ಸಪ್‌ನಲ್ಲಿ ಕಳುಹಿಸಿದ ಸಂದೇಶಕ್ಕೆ ಎರಡು ತುದಿಯಲ್ಲಿಯೂ ಬೀಗವಿರುತ್ತದೆ. 2016ರಿಂದ ಎಲ್ಲ ಸಂದೇಶಗಳಿಗೂ ಈ ವ್ಯವಸ್ಥೆ ಇದೆ. ಕಳುಹಿಸಿದವರ ಫೋನು ಮತ್ತು ಪಡೆದವರ ಫೋನು ಬಿಟ್ಟರೆ ನಡುದಾರಿಯಲ್ಲಿ ಯಾರೂ ಅದನ್ನು ಓದಲಾರರು. ಆದ್ದರಿಂದ “ಬರೀ ನಂಬರು ಕೊಡಿ, ಅವರ ಸಂದೇಶವನ್ನೆಲ್ಲ ತೋರಿಸುತ್ತೇವೆ” ಎಂದು ಜಾಹೀರಾತು ಕೊಡುವವರು ಮೋಸಗಾರರು. ಅವರಿಗೆ ಕಟ್ಟಿದ ಹಣ ಹೋಯಿತೆಂದೇ ತಿಳಿಯಿರಿ.

ಓದಬೇಕಾದರೆ ಎರಡರಲ್ಲಿ ಒಂದು ತುದಿಯ ಫೋನಿನೊಳಗೆ ಹೋಗಿ ಕುಳಿತುಕೊಳ್ಳಬೇಕು. ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯ ದಾರಿಯಲ್ಲಿ ಫೋನಿನ ಒಡೆಯರು ಸ್ನಾನಕ್ಕೋ ನಿದ್ರೆಗೋ ಹೋದಾಗ ಕೆಲವು ನಿಮಿಷ ಅದನ್ನು ಕೈಗೆ ತೆಗೆದುಕೊಂಡು, ವಾಟ್ಸಪ್‌ನ ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ಇನ್ನೊಂದು ಫೋನನ್ನೋ ಕಂಪ್ಯೂಟರನ್ನೋ ಜೋಡಿಸುತ್ತಾರೆ. ಆಮೇಲೆ ಎಲ್ಲ ಸಂದೇಶಗಳೂ ಅಲ್ಲಿಯೂ ಕಾಣುತ್ತವೆ.

ಎರಡನೆಯ ದಾರಿ ಬೇಹುಗಾರಿಕೆ ಆಪ್‌ನದು. ಇವು ಸಾಮಾನ್ಯವಾಗಿ ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ಕದ್ದು ನಿಗಾ ಇಡುವ ಆಪ್‌ಗಳನ್ನು ಅಲ್ಲಿ ಇಡಬಾರದೆಂದು ಗೂಗಲ್‌ನ ನಿಯಮವೇ ಇದೆ. ಹೀಗಾಗಿ ಹೊರಗಿನಿಂದ ‘ಎಪಿಕೆ’ ಎಂಬ ಕಡತವನ್ನು ತಂದು ಹಾಕಬೇಕಾಗುತ್ತದೆ. ಹಾಕುವಾಗ ಫೋನಿನ ಕಾವಲುಗಾರನಾದ ‘ಪ್ಲೇ ಪ್ರೊಟೆಕ್ಟ್’ ಅನ್ನು ನಿಲ್ಲಿಸುವಂತೆ ಅದು ಹೇಳುತ್ತದೆ. ಪರದೆಯ ಮೇಲೆ ಬರುವುದನ್ನೆಲ್ಲ ನೋಡಲು, ಸೂಚನೆಗಳನ್ನೆಲ್ಲ ಓದಲು, ಕ್ಯಾಮೆರಾ ಮತ್ತು ಇರುವ ಸ್ಥಳ ತಿಳಿಯಲು ಅನುಮತಿ ಕೇಳುತ್ತದೆ. ಬಳಿಕ ತನ್ನ ಗುರುತಿನ ಚಿತ್ರವನ್ನು ಅಡಗಿಸಿಕೊಂಡು, ಕಂಡದ್ದನ್ನೆಲ್ಲ ಎಲ್ಲಿಯೋ ಇರುವ ಕಂಪನಿಯ ಕಂಪ್ಯೂಟರಿಗೆ ಕಳುಹಿಸುತ್ತಿರುತ್ತದೆ. ಹಾಕಿಸಿದವರು ಹಣ ಕಟ್ಟಿ ಅಲ್ಲಿಂದ ಅದನ್ನು ನೋಡುತ್ತಾರೆ.

ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಊಜಿ ನೊಣವು 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ನಮ್ಮ ರಾಜ್ಯಕ್ಕೆ ಕಾಲಿಟ್ಟಿತು. ಅದು ಹುಳುವಿನ ಮೈಮೇಲೆ ಸಣ್ಣ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಒಳಹೊಕ್ಕು ಹುಳುವನ್ನೇ ತಿಂದು ಬೆಳೆಯುತ್ತದೆ. ಹೊರಗೆ ಕಾಣುವುದು ಒಂದು ಕಪ್ಪು ಚುಕ್ಕೆ ಮಾತ್ರ. ಈ ಆಪ್‌ಗಳೂ ಹಾಗೆಯೇ. ಒಳಗೆ ಬಿಟ್ಟವರು ಬೇರೆ, ಒಳಗೆ ಕುಳಿತು ಬೆಳೆಯುವುದು ಬೇರೆ.

ಹಾಕಿದ ಮನೆಗೇ ಆಗುವ ನಷ್ಟ

ಮಗಳ ಸಂದೇಶ ನೋಡಬೇಕೆಂದು ಹಾಕಿದ ಆಪ್ ಸಂದೇಶವೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಸೂಚನೆಗಳನ್ನು ಓದುವ ಅನುಮತಿ ಕೊಟ್ಟ ಮೇಲೆ ಬ್ಯಾಂಕಿನಿಂದ ಬರುವ ಓಟಿಪಿಯನ್ನೂ ಅದು ಓದುತ್ತದೆ. ಪರದೆ ನೋಡುವ ಅನುಮತಿ ಕೊಟ್ಟ ಮೇಲೆ ನೀವು ಒತ್ತುವ ಗುಪ್ತ ಸಂಖ್ಯೆಯೂ ಅದರ ಕೈಗೆ ಸಿಗಬಹುದು. ಗೂಡು ಮಾರಿದ ಹಣ, ಹಾಲಿನ ಹಣ, ಸ್ತ್ರೀಶಕ್ತಿ ಸಂಘದ ಸಾಲದ ಹಣ ಬರುವ ಖಾತೆ ಎಷ್ಟೋ ಮನೆಗಳಲ್ಲಿ ಅದೇ ಒಂದು ಫೋನಿಗೆ ಜೋಡಿಸಿರುತ್ತದೆ. ನಾಲ್ಕೈದು ವಾರ ಹಗಲು ರಾತ್ರಿ ಸೊಪ್ಪು ಹಾಕಿ ಸಾಕಿದ ಹುಳುವಿನ ದುಡಿಮೆ ನಾಲ್ಕೈದು ನಿಮಿಷದಲ್ಲಿ ಹೋಗುವ ದಾರಿ ಇದು.

ಮದುವೆಯ ಕರೆಯೋಲೆ, ಪಿ.ಎಂ. ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ ಎಪಿಕೆ ಕಡತ ಕಳುಹಿಸಿ ಖಾತೆ ಬರಿದು ಮಾಡುವ ಕಳ್ಳರ ಬಗ್ಗೆ ಪೊಲೀಸರು ಎಚ್ಚರಿಕೆ ಕೊಟ್ಟಿರುವುದನ್ನು ನೀವು ಕೇಳಿರಬಹುದು. ಆ ಕಳ್ಳ ಆಪ್‌ಗಳು ಕೇಳುವ ಅನುಮತಿಗಳು, ಈ ಬೇಹುಗಾರಿಕೆ ಆಪ್‌ಗಳು ಕೇಳುವ ಅನುಮತಿಗಳು ಬಹುಮಟ್ಟಿಗೆ ಒಂದೇ.

“ನಾವು ದುಡ್ಡು ಕೊಟ್ಟು ದೊಡ್ಡ ಕಂಪನಿಯ ಆಪ್ ಹಾಕುತ್ತೇವೆ” ಎನ್ನುವವರೂ ಉಂಟು. ಅವರು ಈ ಸಂಗತಿಗಳನ್ನು ಗಮನಿಸಲಿ. ಅಮೆರಿಕದಲ್ಲಿ ‘ಸ್ಪೈಫೋನ್’ ಎಂಬ ಕಂಪನಿ ಕದ್ದು ಸಂಗ್ರಹಿಸಿದ ಮಾಹಿತಿಯನ್ನು ಸರಿಯಾಗಿ ಕಾಯಲಿಲ್ಲ. 2021ರಲ್ಲಿ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗವು ಅದಕ್ಕೆ ಈ ವ್ಯಾಪಾರವನ್ನೇ ನಿಷೇಧಿಸಿ, ಕೂಡಿಟ್ಟ ಮಾಹಿತಿಯನ್ನು ಅಳಿಸಲು ಆಜ್ಞೆ ಮಾಡಿತು. ಪೋಲೆಂಡಿನ ‘ಲೆಟ್‌ಮಿಸ್ಪೈ’ ಎಂಬ ಆಪ್‌ನ ಉಗ್ರಾಣಕ್ಕೆ 2023ರಲ್ಲಿ ಕನ್ನ ಬಿತ್ತು. ಅದು ಕದ್ದಿಟ್ಟಿದ್ದ ಸಂದೇಶಗಳು, ಕರೆಗಳ ವಿವರಗಳು ಕಳ್ಳರ ಪಾಲಾದವು, ಅದೇ ವರ್ಷ ಕಂಪನಿ ಬಾಗಿಲು ಮುಚ್ಚಿತು. 2024ರಲ್ಲಿ ‘ಎಂಸ್ಪೈ’ ಎಂಬ ಆಪ್‌ನ ಗಿರಾಕಿಗಳ ವಿವರ ಬಯಲಾಯಿತು. ಮನೆಯ ಹೆಣ್ಣುಮಕ್ಕಳ ಮಾತು, ಚಿತ್ರ, ಓಡಾಟಗಳನ್ನು ನಾವೇ ಮೂಟೆ ಕಟ್ಟಿ ಇಂತಹ ಕಡೆ ಇಡುವುದು ಜಾಣತನವಲ್ಲ. ಮರ್ಯಾದೆ ಕಾಯಲೆಂದು ಹಾಕಿದ ಆಪ್‌ನಿಂದಲೇ ಮರ್ಯಾದೆ ಬೀದಿಗೆ ಬರಬಹುದು.

ಕಾನೂನು ಏನು ಹೇಳುತ್ತದೆ?

ಇನ್ನೊಬ್ಬರ ಮಾತನ್ನು ಕದ್ದು ಕೇಳುವುದು ಸಣ್ಣ ತಪ್ಪೆಂದು ನಮ್ಮ ನಾಡು ಎಂದೂ ಎಣಿಸಿಲ್ಲ. ಕನಕಪುರದ ಮತದಾರರು 1983ರ ಉಪಚುನಾವಣೆಯಲ್ಲಿ ವಿಧಾನಸಭೆಗೆ ಕಳುಹಿಸಿದ ರಾಮಕೃಷ್ಣ ಹೆಗಡೆಯವರು, 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಎದ್ದಾಗ ಮುಖ್ಯಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. 1996ರಲ್ಲಿ ಸುಪ್ರೀಂ ಕೋರ್ಟು ಸರ್ಕಾರವೂ ಮನಬಂದಂತೆ ದೂರವಾಣಿ ಕೇಳುವಂತಿಲ್ಲವೆಂದು ತೀರ್ಪಿತ್ತಿತು. ಅದಕ್ಕೆ ಗೃಹ ಕಾರ್ಯದರ್ಶಿಯವರ ಆದೇಶ ಬೇಕು, ಆ ಆದೇಶವನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದು ಕಟ್ಟಳೆ ಮಾಡಿತು.

ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂಬುದೇ ಆ ತೀರ್ಪಿನ ಸಾರ. ಮದುವೆಯಾದ ಮಾತ್ರಕ್ಕೆ ಈ ಹಕ್ಕು ಅಳಿಯುವುದಿಲ್ಲ. ಗಂಡನ ಆಧಾರ್ ವಿವರವನ್ನು ಹೆಂಡತಿ ಕೇಳಿದ ಪ್ರಕರಣವೊಂದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2023ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಶಿಕ್ಷೆಯ ವಿಚಾರಕ್ಕೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನ ಪ್ರಕಾರ, ಹೆಂಗಸೊಬ್ಬಳ ಇಂಟರ್‌ನೆಟ್, ಇ-ಮೇಲ್ ಅಥವಾ ಬೇರೆ ಎಲೆಕ್ಟ್ರಾನಿಕ್ ಸಂಪರ್ಕದ ಬಳಕೆಯ ಮೇಲೆ ನಿಗಾ ಇಡುವ ಗಂಡಸು ‘ಬೆನ್ನುಬೀಳುವ’ ಅಪರಾಧ ಮಾಡಿದಂತಾಗುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ಉಂಟು. ಕಾನೂನಿನ ಪ್ರಕಾರ ನಡೆಯುವ ತನಿಖೆಗೆ, ಸಂದರ್ಭಕ್ಕೆ ತಕ್ಕುದೆಂದು ತೋರಿಸಬಹುದಾದ ನಡತೆಗೆ ಮಾತ್ರ ವಿನಾಯಿತಿ ಇದೆ. ಇದಲ್ಲದೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ, ಒಡೆಯರ ಅನುಮತಿ ಇಲ್ಲದೆ ಅವರ ಯಂತ್ರದೊಳಗೆ ವಂಚನೆಯಿಂದ ಹೊಕ್ಕು ಮಾಹಿತಿ ತೆಗೆದವರಿಗೆ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಅದೇ ಕಾಯಿದೆಯಲ್ಲಿ ಬೇರೆಯದೇ ಅಪರಾಧ.

ಮಕ್ಕಳ ಮೇಲೆ ನಿಗಾ ಬೇಡವೇ?

ಬೇಕು. ಅದನ್ನು ಮಕ್ಕಳಿಗೆ ತಿಳಿಸಿ, ವಯಸ್ಸಿಗೆ ತಕ್ಕಂತೆ ಮಾಡಬೇಕು.

ಹಿಂದೆ ಅಕ್ಷರ ಬಾರದ ಮನೆಗೆ ಕಾಗದ ಬಂದರೆ ಅಂಚೆಯಣ್ಣನಿಂದಲೋ ಮೇಷ್ಟರಿಂದಲೋ ಓದಿಸಿಕೊಳ್ಳುತ್ತಿದ್ದರು. ಕಾಗದ ಬಂದವರೇ ಮುಂದೆ ಕುಳಿತು ಕೇಳುತ್ತಿದ್ದುದರಿಂದ ಅದನ್ನು ಯಾರೂ ತಪ್ಪೆನ್ನಲಿಲ್ಲ. ಅದೇ ಕಾಗದವನ್ನು ದಾರಿಯಲ್ಲಿ ಒಡೆದು ಓದಿ ಮತ್ತೆ ಅಂಟಿಸಿ ಕೊಟ್ಟಿದ್ದರೆ ಅಂತಹವನನ್ನು ಮತ್ತೆ ಮನೆಯ ಜಗುಲಿಗೆ ಸೇರಿಸುತ್ತಿರಲಿಲ್ಲ. ಮಕ್ಕಳ ವಿಷಯದಲ್ಲಿಯೂ ಈ ಅಂತರವನ್ನು ನೆನಪಿಡಬೇಕು.

ಸಣ್ಣ ಮಕ್ಕಳಿಗಾಗಿ ಗೂಗಲ್‌ನವರ ‘ಫ್ಯಾಮಿಲಿ ಲಿಂಕ್’ ಎಂಬ ಆಪ್ ಉಚಿತವಾಗಿ ಪ್ಲೇ ಸ್ಟೋರಿನಲ್ಲಿ ಸಿಗುತ್ತದೆ. ದಿನಕ್ಕೆ ಎಷ್ಟು ಹೊತ್ತು ಫೋನು, ಯಾವ ಆಪ್ ಹಾಕಬಹುದು, ರಾತ್ರಿ ಎಷ್ಟು ಗಂಟೆಗೆ ಬೀಗ ಬೀಳಬೇಕು ಎಂಬುದನ್ನು ತಂದೆ ತಾಯಿ ಗೊತ್ತುಮಾಡಬಹುದು. ಮಗುವಿಗೂ ಅದು ತಿಳಿದಿರುತ್ತದೆ. ಸಂದೇಶಗಳನ್ನು ಅದು ಓದುವುದಿಲ್ಲ, ಓದುವ ಅಗತ್ಯವೂ ಇಲ್ಲ.

ದೊಡ್ಡ ಮಕ್ಕಳಿಗೆ ಬೇರೆ ಕ್ರಮ ಬೇಕು. ಮಾಗಡಿಯಿಂದಲೋ ಕನಕಪುರದಿಂದಲೋ ಬೆಂಗಳೂರಿಗೆ ಓದಲು ಹೋಗುವ ಮಗಳು ಸಂಜೆ ಬಸ್ಸು ಹತ್ತಿದಾಗ ತಾನೇ ವಾಟ್ಸಪ್‌ನಲ್ಲಿ ‘ಲೈವ್ ಲೊಕೇಶನ್’ ಕಳುಹಿಸಬಹುದು. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಅವಳೇ ಅವಧಿ ಆರಿಸುತ್ತಾಳೆ. ಬಸ್ಸು ಎಲ್ಲಿ ಬಂತೆಂದು ತಾಯಿ ಮನೆಯಲ್ಲೇ ಕುಳಿತು ನೋಡಬಹುದು. ತಂದೆ ತಾಯಿಗೆ ನೆಮ್ಮದಿ, ಮಗಳಿಗೆ ಮರ್ಯಾದೆ, ಎರಡೂ ಉಳಿಯುತ್ತವೆ.

ಜ್ವರಕ್ಕೆ ಕುಳಿತ ರೇಷ್ಮೆ ಹುಳುವಿಗೆ ನಾವು ಸೊಪ್ಪು ಹಾಕುವುದಿಲ್ಲ, ಎತ್ತಿ ಎತ್ತಿ ನೋಡುವುದೂ ಇಲ್ಲ. ಹಾಗೆಂದು ಬಾಗಿಲು ಹಾಕಿಕೊಂಡು ಹೋಗಿಬಿಡುವುದೂ ಇಲ್ಲ. ಮನೆಯ ಶಾಖ, ಗಾಳಿ, ತೇವ ಸರಿಯಾಗಿದೆಯೇ ಎಂದು ನೋಡುತ್ತಲೇ ಇರುತ್ತೇವೆ. ಹದಿನೈದು ಹದಿನಾರರ ಮಕ್ಕಳಿಗೂ ಇದೇ ಕ್ರಮ ಒಳ್ಳೆಯದು. ಊಟ ಬಿಟ್ಟಿದ್ದಾರೆಯೇ, ನಿದ್ರೆಗೆಟ್ಟಿದ್ದಾರೆಯೇ, ಫೋನು ಬಂದೊಡನೆ ಮುಖ ಬಾಡುತ್ತದೆಯೇ, ಹಣ ಕೇಳುತ್ತಿದ್ದಾರೆಯೇ ಎಂಬುದನ್ನು ಗಮನಿಸಿ, ಹತ್ತಿರ ಕುಳಿತು ಕೇಳಿ.

ಇಲ್ಲಿ ಮುಖ್ಯವಾದ ಒಂದು ಮಾತಿದೆ. ಅಪರಿಚಿತರು ಸ್ನೇಹದ ಹೆಸರಿನಲ್ಲಿ ಮಕ್ಕಳ ಚಿತ್ರ ಪಡೆದು, ಆಮೇಲೆ ಅದನ್ನೇ ಹಿಡಿದು ಹೆದರಿಸುವುದುಂಟು. ಆಗ ಮಗುವನ್ನು ಕಾಪಾಡುವುದು ಅದು ಮನೆಗೆ ಬಂದು ಬಾಯಿಬಿಟ್ಟು ಹೇಳುವ ಧೈರ್ಯವೊಂದೇ. ಹೇಳಿದರೆ ಫೋನು ಕಸಿಯುತ್ತಾರೆ, ಶಾಲೆ ಬಿಡಿಸುತ್ತಾರೆ ಎಂದು ತಿಳಿದ ಮಗು ಹೇಳುವುದಿಲ್ಲ. ತನ್ನ ಸಂದೇಶವನ್ನು ಕದ್ದು ಓದುತ್ತಾರೆಂದು ತಿಳಿದ ಮಗು ಇನ್ನೊಂದು ಸಿಮ್ಮು ತಂದು ಬಚ್ಚಿಡುತ್ತದೆ. ಆಗ ಆಪ್ ಇದ್ದೂ ಮನೆ ಕುರುಡಾಗುತ್ತದೆ.

ಕದ್ದು ಓದಿದ ಒಂದು ಸಾಲಿಗಾಗಿ ಹೆಣ್ಣುಮಗಳ ಓದು ನಿಲ್ಲಿಸಿ, ಆತುರದಲ್ಲಿ ಮದುವೆ ಗೊತ್ತುಮಾಡುವ ಮನೆಗಳೂ ಇವೆ. ಬರೆದವನು ಯಾರು, ಯಾವ ಅರ್ಥದಲ್ಲಿ ಬರೆದ ಎಂದು ವಿಚಾರಿಸುವುದಿಲ್ಲ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಓದು ನಿಲ್ಲಿಸುವುದರಿಂದ ಆಗುವ ನಷ್ಟ ಅವಳ ಬಾಳು ಪೂರ್ತಿ ಇರುತ್ತದೆ. ತಾಯಂದಿರು ಈ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ನಿಮ್ಮ ಫೋನನ್ನು ನೀವೇ ಪರೀಕ್ಷಿಸಿಕೊಳ್ಳುವ ಕ್ರಮ

ಫೋನು ಬಿಸಿಯಾಗುವುದು, ಚಾರ್ಜು ಬೇಗ ಇಳಿಯುವುದು, ಡೇಟಾ ಬೇಗ ಮುಗಿಯುವುದು ಕೆಲವೊಮ್ಮೆ ಸೂಚನೆಯಾಗಬಹುದು. ಹಳೆಯ ಬ್ಯಾಟರಿಯಿಂದಲೂ ಹಾಗಾಗುತ್ತದೆ. ಅದನ್ನೇ ನಂಬಿಕೊಳ್ಳದೆ ಹೀಗೆ ನೋಡಿ:

1. ವಾಟ್ಸಪ್ ತೆರೆದು, ಮೂಲೆಯ ಮೂರು ಚುಕ್ಕೆ ಒತ್ತಿ, ‘ಲಿಂಕ್ಡ್ ಡಿವೈಸಸ್’ ನೋಡಿ. ನಿಮಗೆ ಗೊತ್ತಿಲ್ಲದ ಯಂತ್ರದ ಹೆಸರಿದ್ದರೆ ಅದನ್ನು ಒತ್ತಿ ‘ಲಾಗ್ ಔಟ್’ ಮಾಡಿ.

2. ಪ್ಲೇ ಸ್ಟೋರಿನಲ್ಲಿ ನಿಮ್ಮ ಗುರುತಿನ ಚಿತ್ರ ಒತ್ತಿ, ‘ಪ್ಲೇ ಪ್ರೊಟೆಕ್ಟ್’ಗೆ ಹೋಗಿ ‘ಸ್ಕ್ಯಾನ್’ ಮಾಡಿ. ಅದು ನಿಂತಿದ್ದರೆ ಯಾರು ನಿಲ್ಲಿಸಿದರೆಂದು ಯೋಚಿಸಿ, ಮತ್ತೆ ಚಾಲೂ ಮಾಡಿ.

3. ‘ಸೆಟ್ಟಿಂಗ್ಸ್’ನಲ್ಲಿ ‘ಆಕ್ಸೆಸಿಬಿಲಿಟಿ’, ‘ನೋಟಿಫಿಕೇಶನ್ ಆಕ್ಸೆಸ್’, ‘ಡಿವೈಸ್ ಅಡ್ಮಿನ್ ಆಪ್ಸ್’ ಎಂಬ ಮೂರನ್ನು ಹುಡುಕಿ. ನೀವು ಹಾಕದ ಆಪ್‌ನ ಹೆಸರು ಅಲ್ಲಿದ್ದರೆ ಅನುಮಾನಪಡಿ.

4. ಫೋನಿನ ಬೀಗದ ಸಂಖ್ಯೆಯನ್ನು ಬದಲಾಯಿಸಿ. ವಾಟ್ಸಪ್‌ಗೆ 6 ಅಂಕಿಯ ಎರಡನೆಯ ಬೀಗ, ಅಂದರೆ ‘ಟೂ ಸ್ಟೆಪ್ ವೆರಿಫಿಕೇಶನ್’, ಹಾಕಿಕೊಳ್ಳಿ.

5. ಏನೇ ಮಾಡಿದರೂ ಅನುಮಾನ ಉಳಿದರೆ, ಬೇಕಾದ ಚಿತ್ರ ಮತ್ತು ನಂಬರುಗಳನ್ನು ಬೇರೆಡೆ ಉಳಿಸಿಕೊಂಡು, ‘ಫ್ಯಾಕ್ಟರಿ ರೀಸೆಟ್’ ಮಾಡಿಸಿ. ಅದು ಕೊನೆಯ ಉಪಾಯ.

ಒಂದು ಎಚ್ಚರಿಕೆ. ಆಪ್ ಹಾಕಿದವರು ಹೊಡೆಯುವ, ಹೆದರಿಸುವ ಸ್ವಭಾವದವರಾಗಿದ್ದರೆ ಕೂಡಲೇ ಅದನ್ನು ತೆಗೆಯಬೇಡಿ. ತೆಗೆದ ಕ್ಷಣವೇ ಅವರಿಗೆ ತಿಳಿಯುತ್ತದೆ, ಸಾಕ್ಷ್ಯವೂ ಅಳಿಯುತ್ತದೆ. ಮೊದಲು ನಂಬಿಕೆಯ ನೆರೆಯವರ ಅಥವಾ ತವರಿನವರ ಫೋನಿನಿಂದ ಸಹಾಯ ಕೇಳಿ. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112, ಸೈಬರ್ ವಂಚನೆಗೆ 1930 ಸಂಖ್ಯೆಗಳಿವೆ. ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಒಳ್ಳೆಯದು. ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಇರುತ್ತದೆ. ಹತ್ತಿರದ ಪೊಲೀಸ್ ಠಾಣೆಯಲ್ಲಿಯೂ, ರಾಮನಗರದ ಸಿ.ಇ.ಎನ್. ಠಾಣೆಯಲ್ಲಿಯೂ ದೂರು ಕೊಡಬಹುದು.

ಕೆಲವು ಪ್ರಶ್ನೆಗಳು, ಉತ್ತರಗಳು

ಪ್ರಶ್ನೆ: ಫೋನು ಕೊಡಿಸಿದ್ದು ನಾನು, ರೀಚಾರ್ಜು ಮಾಡಿಸುವುದೂ ನಾನು. ಹೆಂಡತಿಯ ಫೋನು ನಾನು ನೋಡಿದರೆ ತಪ್ಪೇನು?

ಉತ್ತರ: ಸೀರೆ ಕೊಡಿಸಿದವರು ನೀವೇ ಆದರೂ ಉಟ್ಟ ಮೇಲೆ ಅದು ಅವರದು. ಅವರೇ ಕೊಟ್ಟರೆ ನೋಡಿ. ಕದ್ದು ನಿಗಾ ಇಟ್ಟರೆ ಕಾನೂನಿನ ಮುಂದೆ ನಿಲ್ಲಬೇಕಾದೀತು. ಅನುಮಾನವಿದ್ದರೆ ಎದುರು ಕುಳಿತು ಮಾತನಾಡಿ, ಬೇಕಾದರೆ ಹಿರಿಯರನ್ನು ಕೂರಿಸಿಕೊಳ್ಳಿ.

ಪ್ರಶ್ನೆ: ಗಂಡ ಹೆಂಡಿರ ಮಾತನ್ನು ಕದ್ದು ಮುದ್ರಿಸಿದರೂ ಕೋರ್ಟು ಒಪ್ಪುತ್ತದಂತೆ, ನಿಜವೇ?

ಉತ್ತರ: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅಂತಹ ಮುದ್ರಣವನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಹೇಳಿದೆ. ಅದು ಸಾಕ್ಷ್ಯದ ಮಾತು. ಇನ್ನೊಬ್ಬರ ಫೋನಿಗೆ ಆಪ್ ಹಾಕಲು ಅದನ್ನು ಪರವಾನಗಿ ಎಂದು ತಿಳಿಯಬಾರದು.

ಪ್ರಶ್ನೆ: ನಮ್ಮ ಗೊಂಬೆ ಅಂಗಡಿಯ ಫೋನಿನ ಸಂದೇಶವನ್ನು ನಾನೂ ತಮ್ಮನೂ ಇಬ್ಬರೂ ನೋಡುತ್ತೇವೆ. ಅದೂ ತಪ್ಪೇ?

ಉತ್ತರ: ಇಬ್ಬರಿಗೂ ತಿಳಿದು, ವ್ಯಾಪಾರದ ಫೋನನ್ನು ಜೋಡಿಸಿಕೊಂಡಿದ್ದರೆ ತಪ್ಪಿಲ್ಲ. ಸ್ವಂತದ ಫೋನು ಬೇರೆ, ಅಂಗಡಿಯ ಫೋನು ಬೇರೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಫೋನು ರಿಪೇರಿಗೆ ಕೊಟ್ಟಾಗ ಏನು ಮಾಡಬೇಕು?

ಉತ್ತರ: ಎದುರಿಗೇ ಕುಳಿತು ಮಾಡಿಸಿ. ಬೀಗದ ಸಂಖ್ಯೆಯನ್ನು ಬರೆದುಕೊಟ್ಟು ಬರಬೇಡಿ. ಮನೆಗೆ ಬಂದು ಮೇಲೆ ಹೇಳಿದ ಪರೀಕ್ಷೆಯನ್ನು ಒಮ್ಮೆ ಮಾಡಿ.

ಸಂಘಗಳಲ್ಲಿ ಚರ್ಚಿಸಲು

ಈ ಪಾಠವನ್ನು ಸ್ತ್ರೀಶಕ್ತಿ ಸಂಘ, ಯುವಕ ಸಂಘ ಮತ್ತು ಶಾಲೆಯ ಪೋಷಕರ ಸಭೆಯಲ್ಲಿ ಓದಿ, ಈ ಮೂರು ವಿಚಾರಗಳನ್ನು ಚರ್ಚಿಸಬೇಕೆಂದು ಕೋರಿಕೆ.

1. ನಮ್ಮೂರಿನಲ್ಲಿ ಹೆಂಗಸರ ಹೆಸರಿನ ಖಾತೆಗೆ ಬರುವ ಹಣದ ಸಂದೇಶ ಯಾರ ಫೋನಿಗೆ ಹೋಗುತ್ತದೆ? ಅದು ಅವರ ಕೈಯಲ್ಲೇ ಇದೆಯೇ?

2. ಮಗುವಿಗೆ ಫೋನಿನಲ್ಲಿ ತೊಂದರೆಯಾದರೆ ಅದು ಮೊದಲು ಯಾರಿಗೆ ಹೇಳಬಲ್ಲದು? ಹೇಳಿದ ಮಗುವಿನ ಫೋನನ್ನು ಕಸಿಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂದು ಮನೆಯವರು ಮಾತು ಕೊಡಬಹುದೇ?

3. ಸಂಘದ ಮುಂದಿನ ಸಭೆಯಲ್ಲಿ ಎಲ್ಲರೂ ಫೋನು ತಂದು, ‘ಲಿಂಕ್ಡ್ ಡಿವೈಸಸ್’ ಮತ್ತು ‘ಪ್ಲೇ ಪ್ರೊಟೆಕ್ಟ್’ ಎರಡನ್ನೂ ಒಟ್ಟಿಗೆ ಪರೀಕ್ಷಿಸಬಹುದೇ? ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಇದನ್ನು ಹಿರಿಯರಿಗೆ ತೋರಿಸಿಕೊಡಬಹುದು. ಅರ್ಧ ಗಂಟೆಯ ಕೆಲಸ.

ಊಜಿ ನೊಣ ಬಂದಾಗ ನಾವು ಹುಳು ಸಾಕುವುದನ್ನು ಬಿಡಲಿಲ್ಲ. ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟಿ, ಮನೆಯನ್ನು ಚೊಕ್ಕಟವಾಗಿಟ್ಟು ಬೆಳೆ ತೆಗೆದೆವು. ಫೋನಿನ ವಿಷಯದಲ್ಲಿಯೂ ಹಾಗೆಯೇ ನಡೆಯೋಣ. ಮನೆಯವರ ಮೇಲೆ ಕದ್ದು ಕಣ್ಣಿಡುವ ಆಪ್ ಬೇಡ. ಹೊರಗಿನ ಕಳ್ಳರಿಗೆ ಬಾಗಿಲು ಭದ್ರವಾಗಿರಲಿ, ಮನೆಯ ಮಕ್ಕಳು ಬಂದು ಹೇಳಿಕೊಳ್ಳಲು ಮನಸ್ಸು ತೆರೆದಿರಲಿ.